ಬರೀ ಸಾರ್ಟೋ, ಸಾರ್ಟ್ ಸೊನ್ನೆಯೋ?

ರಾಯಚೂರಿನ ಹತ್ತಿ ಹಂಗಾಮಿನಲ್ಲಿ ಲಾರಿ ತೂಗುವ ವೇಬ್ರಿಜ್‌ನ ದಾಖಲೆಗಳನ್ನು ಸ್ಪ್ಲಂಕ್ ಎಂಬ ದಾಖಲೆ ಹುಡುಕುವ ತಂತ್ರಾಂಶದಲ್ಲಿ ಹುಡುಕುತ್ತೀರಿ ಎನ್ನಿ. 38,000 ಲಾರಿಗಳ ಸಾಲುಗಳಿವೆ. ತೂಕದ ಪ್ರಕಾರ ಇಳಿಕೆಯಲ್ಲಿ ಜೋಡಿಸಬೇಕು.

ಜೋಡಿಸುವ ಆದೇಶವೇ ‘ಸಾರ್ಟ್’. ಸಂಖ್ಯೆ ಕೊಡದೆ ಬರೀ ‘ಸಾರ್ಟ್’ ಎಂದು ಬರೆದರೆ ಅದು ಜೋಡಿಸಿದ ಪಟ್ಟಿಯ ಮೊದಲ 10,000 ಸಾಲುಗಳನ್ನು ಮಾತ್ರ ಮುಂದಕ್ಕೆ ಬಿಡುತ್ತದೆ, ಉಳಿದ 28,000 ಸಾಲುಗಳು ಸದ್ದಿಲ್ಲದೆ ಕಾಣೆಯಾಗುತ್ತವೆ. ಪಟ್ಟಿಯ ತಲೆ ಸರಿಯಾಗಿಯೇ ಕಾಣುವುದರಿಂದ ಅನುಮಾನವೂ ಬರುವುದಿಲ್ಲ. ಅದರ ಮುಂದೆ ಒಟ್ಟು ಮೊತ್ತ ಕೇಳಿದಿರೋ, ಲೆಕ್ಕ ಹಳ್ಳ ಹಿಡಿಯಿತು. ‘ಸಾರ್ಟ್ 0’ ಎಂದರೆ ಮಿತಿಯೇ ಇಲ್ಲ, ಎಲ್ಲ ಸಾಲುಗಳೂ ಬರುತ್ತವೆ. ಆದರೆ ದಾಖಲೆ ಲಕ್ಷಗಟ್ಟಲೆ ಇದ್ದರೆ ಹುಡುಕಾಟ ನಿಧಾನ, ಮೆಮೊರಿಗೂ ಭಾರ.

ಅತಿ ಭಾರದ 20 ಲಾರಿಗಳಷ್ಟೇ ಸಾಕೆ? ‘ಸಾರ್ಟ್ 20’ ಬರೆಯಿರಿ, ಮುಗಿಯಿತು. ಮೊತ್ತ, ಸರಾಸರಿ ಬೇಕಿದ್ದರೆ ಮೊದಲು ಅವುಗಳ ಲೆಕ್ಕ ಹಾಕುವ ‘ಸ್ಟ್ಯಾಟ್ಸ್’ ಆದೇಶ, ಆಮೇಲೆ ಜೋಡಣೆ. ಈ ಕ್ರಮ ಪಾಲಿಸಿದರೆ ‘ಸಾರ್ಟ್ 0’ರ ಅಗತ್ಯವೇ ಅನೇಕ ಬಾರಿ ಬೀಳುವುದಿಲ್ಲ. ಸಾಲು ಸಾಲಾಗಿ ಪೂರ್ತಿ ಪಟ್ಟಿಯನ್ನೇ ಕಡತಕ್ಕೆ ಇಳಿಸಬೇಕಿದ್ದಾಗ ಮಾತ್ರ ನಾನು ಸೊನ್ನೆ ಹಾಕುತ್ತೇನೆ.

ಇನ್ನೊಂದು ಕಾಟ, ತೂಕದ ಕಾಲಂನಲ್ಲಿ ‘98 ಕ್ವಿಂಟಲ್’ ಎಂದು ಅಕ್ಷರ ಸೇರಿರುವುದು. ಆಗ ಜೋಡಣೆ ಅಕ್ಷರಕ್ರಮದಲ್ಲಿ ನಡೆದು, ಇಳಿಕೆಯ ಪಟ್ಟಿಯಲ್ಲಿ 120ಕ್ಕಿಂತ 98 ಮೇಲೆ ಕೂರುತ್ತದೆ. ಅಕ್ಷರ ತೆಗೆದು, ಅಂಕಿಯಾಗಿಸಿ, ಜೋಡಿಸಿ. ಅದಿಲ್ಲದೆ ಸೊನ್ನೆ ಹಾಕಿಯೂ ಉಪಯೋಗವಿಲ್ಲ.