‘5 ಪ್ಲೈ ಹೆವಿ ಡ್ಯೂಟಿ’ ಅಂದರೆ ನಂಬಬೇಡಿ, ಬಾಕ್ಸ್ ತೂಕ ಹಾಕಿಸಿ

ಭಾರದ ಸಾಮಾನು ಪಾರ್ಸೆಲ್ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ತುಮಕೂರು, ಗುಬ್ಬಿ, ಶಿರಾ, ತಿಪಟೂರು ಕಡೆಯವರು ಇನ್ನೂ ಗಮನ ಕೊಟ್ಟು ಓದಿ. ರಟ್ಟಿನ ಬಾಕ್ಸ್ ಮಾರುವ ಒಬ್ಬ ಆಸಾಮಿ ಇದ್ದಾರೆ, ಇವತ್ತಲ್ಲ ನಾಳೆ ನಿಮ್ಮ ಬಾಗಿಲಿಗೂ ಬರುತ್ತಾರೆ. ಹೆಸರು ಹಾಕುತ್ತಿಲ್ಲ. ಹಾಕೋಣ ಅಂತಲೇ ಕೂತಿದ್ದೆ, ಮೈದುನ ಬೇಡ ಅಂದ. ಆದರೆ ಮಾತಲ್ಲೇ ಗುರುತು ಸಿಗುತ್ತದೆ. ಏನು ಕೇಳಿದರೂ ಒಂದೇ ಉತ್ತರ: “ಹೆವಿ ಡ್ಯೂಟಿ ಅಕ್ಕ, ಕಣ್ಣು ಮುಚ್ಕೊಂಡು ತಗೊಳ್ಳಿ.”

ನಮ್ಮದು ಬೀಡು ಕಬ್ಬಿಣದ ದೋಸೆ ಕಾವಲಿ, ಪಡ್ಡು ತವಾ, ಬಾಣಲೆ ವ್ಯಾಪಾರ. ಕ್ಯಾತ್ಸಂದ್ರದಲ್ಲಿ ಚಿಕ್ಕ ಶೆಡ್ಡು. ಎಣ್ಣೆ ಹಚ್ಚಿ, ಪಳಗಿಸಿ, ಬಾಕ್ಸಿಗೆ ಹಾಕಿ ಕಳಿಸುತ್ತೇವೆ. ಬೀಡು ನೋಡೋಕೆ ಗಟ್ಟಿ, ಆದರೆ ಕೈಜಾರಿ ನೆಲಕ್ಕೆ ಬಿದ್ದರೆ ಬಗ್ಗುವುದಿಲ್ಲ, ಸೀಳಿಬಿಡುತ್ತದೆ. ಅದಕ್ಕೇ ಬಾಕ್ಸ್ ವಿಷಯದಲ್ಲಿ ನಾವು ಜಿಪುಣತನ ಮಾಡಿದವರೇ ಅಲ್ಲ. ಒಂದು ಬಾಕ್ಸಿಗೆ ಹನ್ನೆರಡು ಹದಿಮೂರು ಕೆಜಿ ಸಾಮಾನು ಕೂರುತ್ತದೆ. ಇದನ್ನೆಲ್ಲ ಮೊದಲ ದಿನವೇ ಅವರಿಗೆ ಹೇಳಿದ್ದೆವು. ತವಾ ಕೈಗೆ ಕೊಟ್ಟು ಭಾರ ತೋರಿಸಿದ್ದೆವು.

ಸ್ಯಾಂಪಲ್ ತಂದು ಕೊಟ್ಟರು. 13 ಇಂಚು ಉದ್ದ, 13 ಅಗಲ, 8 ಎತ್ತರ. ಆ ಸ್ಯಾಂಪಲ್ ಬಗ್ಗೆ ಈಗಲೂ ಒಂದು ಮಾತು ಆಡುವಂತಿಲ್ಲ. 5 ಪ್ಲೈ, ಅಂದರೆ ಐದು ಪದರ ಕಾಗದದ ಒಳ್ಳೆ ಗಟ್ಟಿ ರಟ್ಟು. ಮೈದುನ ಅದರ ಮೇಲೆ ಹತ್ತಿ ನಿಂತ. ಅವನೇನು ಸಣ್ಣ ಆಳಲ್ಲ. ಬಾಕ್ಸ್ ಜಗ್ಗಲಿಲ್ಲ. ಎಷ್ಟು ಜಿಎಸ್‌ಎಂ ಅಂತ ಕೇಳಿದೆ. “ಎಲ್ಲಾ 150 ಅಕ್ಕ, 20 ಬಿಎಫ್” ಅಂದರು. ಜಿಎಸ್‌ಎಂ ಕಾಗದದ ತೂಕದ ಲೆಕ್ಕ, ಬಿಎಫ್ (ಬರ್ಸ್ಟ್ ಫ್ಯಾಕ್ಟರ್) ಅದು ಒಡೆಯದೆ ತಡೆಯುವ ಶಕ್ತಿಯ ಲೆಕ್ಕ, ಮುಂದೆ ಬಿಡಿಸಿ ಹೇಳುತ್ತೇನೆ. ಒಂದಕ್ಕೆ 38 ರೂಪಾಯಿ, ಕಮ್ಮಿ ಅಂದರೂ 500 ತಗೋಬೇಕು, ಅರ್ಧ ದುಡ್ಡು ಮುಂಗಡ. ರೇಟು ಜಾಸ್ತಿ ಏನಲ್ಲ, ಕಮ್ಮಿಯೂ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಆಮೇಲೆ “ನೀವು ಕೊಟ್ಟ ರೇಟಿಗೆ ಇದೇ ಬರೋದು” ಅಂತ ನನ್ನ ಬಾಯಿಗೇ ಹೊಡೆದರು.

ಲೋಡು ಬಂದಾಗ ಮಳೆ ಮೋಡ. ಗಾಡಿಯವನು ಅವಸರದಲ್ಲಿ ಇಳಿಸಿ ಹೋದ. ಮೇಲಿನ ಕಟ್ಟು ನೋಡಿದೆವು. ಅದೇ ಸೈಜು, ಅದೇ ಬಂಗಾರದ ಬಣ್ಣ, ಅಂಚಲ್ಲಿ ಎಣಿಸಿದರೆ ಐದು ಪದರ. ಬಾಕಿ ದುಡ್ಡು ಅವತ್ತೇ ಫೋನ್‌ಪೇ ಆಯಿತು.

ಮೊದಲ ಏಟು ಬಿದ್ದದ್ದು ಹುಬ್ಬಳ್ಳಿಯಿಂದ. ಅಲ್ಲಿನ ಒಬ್ಬ ಗ್ರಾಹಕರು ಮಗಳ ಹೊಸ ಮನೆಗೆ ಅಂತ ಒಂದು ಪೂರ್ತಿ ಸೆಟ್ ತರಿಸಿದ್ದರು. ಬಾಕ್ಸ್ ಎತ್ತುವ ವಿಡಿಯೋ ಕಳಿಸಿದರು. ಎತ್ತಿದರೆ ತಳ ಅಲ್ಲೇ ನಿಂತಿದೆ, ಬಾಕ್ಸ್ ಮಾತ್ರ ಕೈಗೆ ಬಂದಿದೆ. ಮೂಲೆ ಒಡೆದು ಪಡ್ಡು ತವಾದ ಹಿಡಿ ಹೊರಗೆ ಬಂದಿದೆ, ದೊಡ್ಡ ಕಾವಲಿ ಎರಡು ಹೋಳು. ಹಿಂದೆ ಯಾರೋ ನಗುವುದು ಕೇಳಿಸುತ್ತದೆ. ಕೆಳಗೆ ಒಂದೇ ಸಾಲು: “ಮೇಡಂ, ಇದಕ್ಕ ಬಾಕ್ಸ್ ಅಂತಾರೇನ್ರಿ?” ಏನಂತ ಉತ್ತರ ಬರೆಯುವುದು ಹೇಳಿ? ನಾಚಿಕೆಗೆ ಮುಖ ತೋರಿಸಲು ಆಗಲಿಲ್ಲ. ಆಮೇಲೆ ಪುಣೆಯಿಂದ ಫೋಟೋ, ಮಂಗಳೂರಿಂದ ಫೋಟೋ. ಎಲ್ಲದರಲ್ಲೂ ಅದೇ ಮೂಲೆ, ಅದೇ ತಳ. ದುಡ್ಡು ವಾಪಸ್ಸು ಕೊಟ್ಟದ್ದು ನಾವು. ಕೊರಿಯರ್‌ನವರಿಗೆ ಕ್ಲೇಮ್ ಹಾಕಿದರೆ “ಪ್ಯಾಕಿಂಗ್ ಸರಿ ಇಲ್ಲ” ಅಂತ ಒಂದು ಗೆರೆ ಬರೆದು ಮುಚ್ಚಿದರು.

ಈಗ ಆಸಾಮಿಯ ಉತ್ತರಗಳು ಕೇಳಿ. ಇದಕ್ಕಾಗಿಯೇ ಬರೆಯುತ್ತಿದ್ದೇನೆ.

ಮೊದಲು: “ಕೊರಿಯರ್‌ನೋರು ಎಸೀತಾರೆ ಅಕ್ಕ, ನಾವೇನ್ ಮಾಡೋಣ.” ಎಸೆಯುತ್ತಾರೆ ಅಂತ ಗೊತ್ತಿರುವುದಕ್ಕೇ ಅಲ್ವಾ ಭಾರದ ಬಾಕ್ಸ್ ಕೇಳಿದ್ದು?

ಆಮೇಲೆ: “ನಿಮ್ಮ ಶೆಡ್ಡಲ್ಲಿ ತೇವ ಇರಬೇಕು ಅಕ್ಕ.” ತೇವಕ್ಕೆ ರಟ್ಟು ಮೆತ್ತಗಾಗುವುದು ನಿಜ, ಅದು ನನಗೂ ಗೊತ್ತು. ಅದಕ್ಕೇ ನಾವು ಬಾಕ್ಸ್ ಕಟ್ಟುಗಳನ್ನು ನೆಲಕ್ಕೆ ತಾಗಿಸದೆ ಮರದ ಹಲಗೆ ಮೇಲೆ ಇಡುವುದು. ಹಲಗೆಯ ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಆಮೇಲೆ ಒಂದು ಟೆಸ್ಟ್ ರಿಪೋರ್ಟ್ ಕಳಿಸಿದರು. ನೋಡಿದರೆ ಸೈಜೇ ಬೇರೆ, ತಾರೀಖು ನಮ್ಮ ಆರ್ಡರ್‌ಗಿಂತ ಹಳೆಯದು. ಕೇಳಿದರೆ “ಎಲ್ಲಾ ಒಂದೇ ಕ್ವಾಲಿಟಿ ಅಕ್ಕ.”

ಸುಮ್ನೆ ಜಗಳ ಆಡುವುದಕ್ಕಿಂತ ಪುರಾವೆ ಇಟ್ಟುಕೊಳ್ಳೋಣ ಅಂತ ಹೊರಟೆವು. ಪುಣ್ಯಕ್ಕೆ ಹಳೆಯ ಸ್ಯಾಂಪಲ್ ಶೆಡ್ಡಿನ ಅಟ್ಟದ ಮೇಲೆ ಹಾಗೇ ಇತ್ತು. ತೂಕ ಹಾಕಿದರೆ 650 ಗ್ರಾಂ. ಲೋಡಲ್ಲಿ ಬಂದ ಬಾಕ್ಸ್ 430 ಗ್ರಾಂ. ಇನ್ನೊಂದು ಹಾಕಿದೆವು, ಮತ್ತೊಂದು ಹಾಕಿದೆವು, ಕಟ್ಟಿನ ಮಧ್ಯದಿಂದ ಎಳೆದು ಹಾಕಿದೆವು. ಅದೇ 430ರ ಆಸುಪಾಸು. ಬಾಕ್ಸ್ ಮಾಡುವವರು ತಮ್ಮೊಳಗೆ ಲೆಕ್ಕ ಹಾಕುವುದೇ ಕೆಜಿ ಮೇಲೆ. ನನಗೆ ಮಾತ್ರ ಪೀಸ್ ಲೆಕ್ಕದಲ್ಲಿ ಮಾರಿದ್ದಾರೆ. ಮೂರರಲ್ಲಿ ಒಂದು ಪಾಲು ಕಾಗದವೇ ಮಾಯ. 38 ರೂಪಾಯಿ ಮಾತ್ರ ಪೂರ್ತಿ ಹೋಯಿತು.

ಮೈದುನ ಇಲ್ಲಿಗೆ ಬಿಡಲಿಲ್ಲ. ಬಾಕ್ಸಿನಿಂದ 10 ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿ ನೀರಲ್ಲಿ ನೆನೆಸಿದ. ಗೋಂದು ಬಿಟ್ಟು ಐದೂ ಕಾಗದ ಬೇರೆ ಬೇರೆ ಆಯಿತು. ಚೆನ್ನಾಗಿ ಒಣಗಿಸಿ ಪರಿಚಯದ ಚಿನ್ನದಂಗಡಿಗೆ ಒಯ್ದೆವು, ಅಷ್ಟು ಸಣ್ಣ ತೂಕ ಅಲ್ಲೇ ಸಿಗುವುದು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಈ ಚೌಕದ ತೂಕವನ್ನು ನೂರರಿಂದ ಗುಣಿಸಿದರೆ ಆಯಿತು. 150 ಅಂದರೆ ಚೌಕ ಒಂದೂವರೆ ಗ್ರಾಂ ತೂಗಬೇಕು. ಹೊರಗಿನ ಬಂಗಾರದ ಬಣ್ಣದ್ದು 1.4 ಬಂತು. ಸರಿ, ಹೋಗಲಿ. ನಡುವಿನದು 0.9. ಒಳಗಿನದು 1. ಅಲೆ ಅಲೆಯಾಗಿ ಕೂರಿಸಿದ ಎರಡು ಕಾಗದ ಬಿಡಿಸಿದರೆ ಉದ್ದ ಆಗುತ್ತವೆ, ಅದಕ್ಕೇ ಅವನ್ನು ಮತ್ತೆ 10 ಸೆಂಟಿಮೀಟರ್ ಚೌಕಕ್ಕೆ ಕತ್ತರಿಸಿ ತೂಗಿದೆವು, ಎರಡೂ 0.9. ಅಂಗಡಿಯವರು ನಕ್ಕು “ಏನಮ್ಮಾ, ಮೇಲೆ ಮಾತ್ರ ಕೋಟಿಂಗಾ?” ಅಂದರು. ಆ ಕ್ಷಣ ನನಗೆ ಹೊಟ್ಟೆ ಉರಿದ ಹಾಗೆ ಹುಬ್ಬಳ್ಳಿ ವಿಡಿಯೋ ನೋಡಿದಾಗಲೂ ಉರಿದಿರಲಿಲ್ಲ. ಕಣ್ಣಿಗೆ ಕಾಣುವ ಒಂದು ಕಾಗದ ಚೆನ್ನಾಗಿರುವುದು, ಕಾಣದ ನಾಲ್ಕು ಕಳಪೆ. ತಪ್ಪಿ ಆದದ್ದಲ್ಲ ಇದು. ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಅಂತ ಕೂತು ಲೆಕ್ಕ ಹಾಕಿ ಮಾಡಿದ್ದು. ಬಂಗಾರದ ಬಣ್ಣ ಅಂದರೂ ಬರೀ ಬಣ್ಣ, ಅದಕ್ಕೂ ಗಟ್ಟಿತನಕ್ಕೂ ಸಂಬಂಧ ಇಲ್ಲ.

ಬಿಎಫ್ ಅಂತ ಬಾಯಲ್ಲಿ ಹೇಳುತ್ತಾರಲ್ಲ, ಅದನ್ನೂ ಬಿಡಿಸಿ ಹೇಳುತ್ತೇನೆ. ಬಿಎಫ್‌ನ್ನು ಜಿಎಸ್‌ಎಂನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ, ಆ ಕಾಗದ ಚದರ ಸೆಂಟಿಮೀಟರಿಗೆ ಎಷ್ಟು ಕೆಜಿ ಒತ್ತಡಕ್ಕೆ ಒಡೆಯುತ್ತದೆ ಅಂತ ಸಿಗುತ್ತದೆ. 20 ಬಿಎಫ್, 150 ಜಿಎಸ್‌ಎಂ ಆದರೆ 3 ಕೆಜಿ. ಅದೇ 20 ಬಿಎಫ್ ಅಂತ ನಂಬಿದರೂ 90ಕ್ಕೆ 1.8. ಅಂದರೆ ಅವರು ಬಿಎಫ್ ನಿಜವನ್ನೇ ಹೇಳಿರಲಿ, ಆಗಲೂ ನಮ್ಮ ತವಾದ ಹಿಡಿ ಹೊರಗೆ ಬರುವುದೇ. ಬಟ್ಟೆ, ದಿಂಬು ಥರದ ದೊಡ್ಡ ಆದರೆ ಹಗುರದ ಸಾಮಾನು ಕಳಿಸುವವರಿಗೆ ಚಿಂತೆ ಬೇರೆ, ಒಂದರ ಮೇಲೊಂದು ಪೇರಿಸಿದಾಗ ಗೋಡೆ ಕುಸಿಯಬಾರದು ಅಷ್ಟೇ. ನಮ್ಮಂಥ ಕಬ್ಬಿಣದವರಿಗೆ ಒಳಗಿಂದಲೇ ತಿವಿಯುತ್ತದೆ. ಐದು ಪದರ ಇದೆಯಾ ಅಂತ ಎಣಿಸಿ ಏನು ಬಂತು? ಐದು ಹಪ್ಪಳ ಒಂದರ ಮೇಲೊಂದು ಇಟ್ಟರೂ ಐದು ಪದರವೇ.

ತೂಕದ ಫೋಟೋ, ಐದು ಚೌಕದ ಫೋಟೋ ಎಲ್ಲ ಕಳಿಸಿದೆ. ಆಗ ಫೋನ್ ಬಂತು. ಅಲ್ಲಿವರೆಗೆ ‘ಅಕ್ಕ’ ಆಗಿದ್ದವಳು ಅವತ್ತು ‘ಮೇಡಂ’ ಆದೆ.

“ಮೇಡಂ, ಬಿಲ್ ನೋಡಿ. ಏನು ಬರೆದಿದೆ?”

“5 ಪ್ಲೈ ಹೆವಿ ಡ್ಯೂಟಿ ಬಾಕ್ಸ್.”

“ಎಣಿಸಿ ಮೇಡಂ. ಐದಿದೆಯೋ ಇಲ್ವೋ?”

“ಐದಿದೆ. ಆದ್ರೆ 150 ಅಂದಿದ್ರಲ್ಲ ನೀವು?”

“ಬಿಲ್ಲಲ್ಲಿ ಎಲ್ಲಿದೆ ಮೇಡಂ?”

ಇಷ್ಟೇ. ಒಂದೇ ಒಂದು ಸುಳ್ಳು ಬಿಲ್ಲಲ್ಲಿ ಇಲ್ಲ. ಸುಳ್ಳೆಲ್ಲ ಬಾಯಲ್ಲಿ. ‘ಹೆವಿ ಡ್ಯೂಟಿ’ ಅಂದರೆ ಯಾವ ಅಳತೆಯೂ ಅಲ್ಲ, ಅದನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ? ಸ್ಯಾಂಪಲ್ ಬೇರೆ ಇತ್ತಲ್ಲ ಅಂದರೆ “ಅದು ಬೇರೆ ಲಾಟ್ ಮೇಡಂ.” ಉಳಿದ ಬಾಕ್ಸ್ ವಾಪಸ್ ತಗೊಳ್ಳಿ ಅಂದರೆ “ಕಟ್ಟು ಬಿಚ್ಚಿದ್ದೀರಲ್ಲ.” ಕಟ್ಟು ಬಿಚ್ಚದೆ ಬಾಕ್ಸ್ ಉಪಯೋಗಿಸುವುದು ಹೇಗೋ ಆ ದೇವರೇ ಹೇಳಬೇಕು. ಕೊನೆಗೆ, ಇದನ್ನು ಕೇಳಿ, ಕೊನೆಗೆ ಸಮಾಧಾನದ ದನಿಯಲ್ಲಿ: “ಮುಂದಿನ ಸಲ 7 ಪ್ಲೈ ತಗೊಳ್ಳಿ ಮೇಡಂ, ನಿಮಗೆ ಅಂತ ಕಮ್ಮಿ ಮಾಡ್ಕೊಡ್ತೀನಿ.” ನಾನು ಫೋನ್ ಇಟ್ಟೆ. ಮೈದುನ ಇಡಲಿಲ್ಲ, ಅವನು ವಾಪಸ್ ಫೋನ್ ಮಾಡಿ ಹೇಳಿದ್ದನ್ನು ಇಲ್ಲಿ ಬರೆಯೋಕಾಗಲ್ಲ.

ಈಗ ಬೇರೆಯವರ ಹತ್ತಿರ ತಗೊಳ್ಳುತ್ತಿದ್ದೇವೆ. ಕೇಳಿದ ಕೂಡಲೇ ಪ್ರತಿ ಪದರದ ಜಿಎಸ್‌ಎಂ, ಬಿಎಫ್ ಬರೆದುಕೊಟ್ಟರು, ಮುಖ ಸಿಂಡರಿಸಲಿಲ್ಲ. ಅಷ್ಟು ಮಾಡಲು ಒಪ್ಪದವರ ಹತ್ತಿರ ನಿಲ್ಲಲೇಬೇಡಿ. ಕೋಟೇಶನ್‌ನಲ್ಲೂ ಬಿಲ್ಲಲ್ಲೂ ಐದು ಕಾಗದದ್ದೂ ಬರೆಸಿ, ಜೊತೆಗೆ ಒಂದು ಬಾಕ್ಸಿನ ತೂಕ ಎಷ್ಟು ಅಂತಲೂ ಬರೆಸಿ. ತೂಕ ಬರೆಸಿದರೆ ಅರ್ಧ ಆಟ ಅಲ್ಲೇ ನಿಲ್ಲುತ್ತದೆ. ಸ್ಯಾಂಪಲ್ ಮೇಲೆ ಅವರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಲೋಡು ಬಂದರೆ ಕಟ್ಟಿನ ಮಧ್ಯದಿಂದ ಎಳೆದು ತೂಕ ಹಾಕಿ, ಆಮೇಲೆ ಬಾಕಿ ದುಡ್ಡು. ಗಾಡಿಯವನು ಕಾಯಲಿ, ಅವನಿಗೇನು ಬೇಜಾರಾದರೂ ಪರವಾಗಿಲ್ಲ. ಇನ್ನು ಕಬ್ಬಿಣ, ಕಲ್ಲು, ಬೇರಿಂಗ್ ಥರದ ಸಾಮಾನಿಗೆ ಒಳಗೆ ಅಲುಗಾಡುವಷ್ಟು ದೊಡ್ಡ ಬಾಕ್ಸ್ ಬೇಡ, ತಳಕ್ಕೆ ಒಂದು ಅಡ್ಡ ರಟ್ಟು ಹಾಕಿ, ಮಧ್ಯದ ಸೀಳಿನ ಜೊತೆ ಎರಡು ಅಂಚಿಗೂ ಟೇಪ್ ಎಳೆಯಿರಿ. ಅದು ನಮ್ಮ ಕೈಯಲ್ಲಿ ಇರುವ ಕೆಲಸ. ಆದರೆ ಕಳಪೆ ಕಾಗದಕ್ಕೆ ಎಷ್ಟು ಟೇಪ್ ಸುತ್ತಿದರೂ ಮೂಲೆ ಒಡೆಯುವುದು ಒಡೆಯುತ್ತದೆ, ನಾವು ಸುತ್ತಿ ನೋಡಿದ್ದೇವೆ.

ಅವರ ಬಾಕ್ಸ್ ಇನ್ನೂ ಶೆಡ್ಡಲ್ಲಿ ರಾಶಿ ಬಿದ್ದಿದೆ. ಬಟ್ಟೆ, ಸಂಡಿಗೆ, ಪ್ಲಾಸ್ಟಿಕ್ ಹೂವು ಅಂಥದ್ದು ಕಳಿಸುವವರಿಗೆ ಧಾರಾಳವಾಗಿ ಆಗುತ್ತದೆ. ತುಮಕೂರಲ್ಲಿ ಯಾರಿಗಾದರೂ ಬೇಕಿದ್ದರೆ ಹೇಳಿ, ಅರ್ಧ ರೇಟಿಗೆ ಕೊಡುತ್ತೇನೆ. 430 ಗ್ರಾಂ ಅಂತ ಬಿಲ್ಲಲ್ಲಿ ಬರೆದೇ ಕೊಡುತ್ತೇನೆ.