ಒಂದೇ ಹಾಡು, ನಾಲ್ಕು ರೂಪ: ನನ್ನ ಕಿವಿ ಒಪ್ಪಿದ್ದು ಯಾವುದನ್ನು?

ಪಾತ್ರೆ ಬಿದ್ದರೆ ಬೇರೆಯವರು ತಿರುಗಿ ನೋಡುತ್ತಾರೆ. ನಾನು ಕಿವಿ ಮುಚ್ಚಿಕೊಂಡು ಕೂತುಬಿಡುತ್ತೇನೆ. ಮಾಮೂಲಿ ಸದ್ದೂ ಹೀಗೆ ಚುಚ್ಚುವುದಕ್ಕೆ ಹೈಪರ್‌ಅಕ್ಯುಸಿಸ್ ಅನ್ನುತ್ತಾರೆ. (ಯಾರೋ ಅಗಿಯುವ ಸದ್ದು ಕೇಳಿ ಸಿಟ್ಟು ನೆತ್ತಿಗೇರಿದರೆ ಅದು ಮಿಸೋಫೋನಿಯಾ. ಅದು ಬೇರೆ. ನನಗೆ ಅದೂ ಸ್ವಲ್ಪ ಇದೆ, ಬಿಡಿ.)

ನನ್ನ ಪಾಡು ಗೊತ್ತಿದ್ದ ಸ್ನೇಹಿತರೊಬ್ಬರು ಒಮ್ಮೆ, ‘ದ ಸೌಂಡ್ ಆಫ್ ಸೈಲೆನ್ಸ್ ಕೇಳು, ನಿನಗೆ ಹೇಳಿ ಮಾಡಿಸಿದ ಹಾಡು’ ಅಂದರು. ಹೆಸರಲ್ಲೇ ಮೌನ ಇದೆಯಲ್ಲ, ಇನ್ನೇನು ಅಂತ ಹಾಕಿದೆ. ಅರ್ಧಕ್ಕೇ ನಿಲ್ಲಿಸಬೇಕಾಯಿತು. ಆಮೇಲೆ ಗೊತ್ತಾಯಿತು, ಈ ಹಾಡು ಒಂದಲ್ಲ. ಹಲವು ರೂಪಗಳಿವೆ, ಒಂದೊಂದೂ ಕಿವಿಗೆ ಒಂದೊಂದು ಥರ. ಹಾಗಾಗಿ ನಾಲ್ಕನ್ನು ಆರಿಸಿ ಕೂತೆ. ಅದೇ ಕೋಣೆ, ಅದೇ ರಾತ್ರಿ ಹೊತ್ತು, ವಾಲ್ಯೂಮ್ ಮುಟ್ಟುವ ಹಾಗಿಲ್ಲ. ಒಮ್ಮೆ ಸ್ಪೀಕರ್‌ನಲ್ಲಿ, ಒಮ್ಮೆ ಹೆಡ್‌ಫೋನ್‌ನಲ್ಲಿ.

ಮೊದಲು 1964ರದ್ದು. ಅಮೆರಿಕದ ಗಾಯಕ ಜೋಡಿ ಪಾಲ್ ಸೈಮನ್ ಮತ್ತು ಆರ್ಟ್ ಗಾರ್ಫಂಕಲ್ ಅವರ ಮೊದಲ ಆಲ್ಬಮ್‌ನಲ್ಲಿ ಇರುವುದು. ಎರಡು ದನಿ, ಗಿಟಾರ್, ಡ್ರಮ್ ಇಲ್ಲವೇ ಇಲ್ಲ. ಸೈಮನ್ ಬಾತ್‌ರೂಮಿನಲ್ಲಿ ದೀಪ ಆರಿಸಿಕೊಂಡು ಗಿಟಾರ್ ನುಡಿಸುತ್ತಿದ್ದರಂತೆ. ಅಲ್ಲಿನ ಟೈಲ್ಸ್‌ಗೆ ಬಡಿದು ಬರುವ ಮಾರ್ದನಿ ಅವರಿಗೆ ಇಷ್ಟವಂತೆ. ನನಗೆ ಟೈಲ್ಸ್ ಹಾಕಿದ ಬಾತ್‌ರೂಮ್ ಅಂದರೆ ನಡುಕ, ಅವರಿಗೆ ಅಲ್ಲಿ ಹಾಡು ಹುಟ್ಟಿತು!

ಸ್ಪೀಕರ್‌ನಲ್ಲಿ ಇದು ಹಾಯಾಗಿತ್ತು. ದನಿ ಮೆಲ್ಲಗೆ ಏರುತ್ತದೆ, ಎಲ್ಲೂ ಬೆಚ್ಚಿಬೀಳಿಸುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡಾಗ ಮಾತ್ರ ಕಥೆ ಬದಲಾಯಿತು. ಕಾಟ ಕೊಟ್ಟಿದ್ದು ‘ಸ’ಕಾರ. ಆ ಹೆಸರನ್ನೇ ಒಮ್ಮೆ ಹೇಳಿ ನೋಡಿ, ಎಷ್ಟು ‘ಸ’ ಬರುತ್ತವೆ! ಐದು ಚರಣಗಳೂ ‘ಸೈಲೆನ್ಸ್’ ಅನ್ನುವ ಪದದಲ್ಲೇ ಮುಗಿಯುತ್ತವೆ ಬೇರೆ. ‘ಸ’ದ ಸೀಳು ಸದ್ದು ಹೆಚ್ಚಾಗಿ 5,000 ಹರ್ಟ್ಸ್ ಮತ್ತು ಅದರ ಮೇಲೆ ಇರುತ್ತದೆ. ಜೊತೆಗೆ ಬರೀ ಗಿಟಾರ್ ಇದ್ದಾಗ ಅದನ್ನು ಮುಚ್ಚುವವರು ಯಾರೂ ಇಲ್ಲ. ಸೂಜಿ ಚುಚ್ಚಿದ ಹಾಗೆ ನೇರ ಒಳಗೆ. ಈಕ್ವಲೈಜರ್‌ನಲ್ಲಿ ಟ್ರೆಬಲ್ (ಅಂದರೆ ಇಂಥ ಚೂಪು ಸದ್ದುಗಳ ಮಟ್ಟ) ನಾಲ್ಕು ಡೆಸಿಬಲ್ ಇಳಿಸಿದ ಮೇಲೆ ಸರಿಹೋಯಿತು. ಹಾಡು ಸ್ವಲ್ಪ ಮಬ್ಬಾಯಿತು ನಿಜ, ಆದರೆ ಐದೂ ಚರಣ ಕೇಳಿದೆ.

ಎರಡನೆಯದು 1965ರದ್ದು, ಎಲ್ಲರಿಗೂ ಗೊತ್ತಿರುವ ರೂಪ. ಇದರ ಹಿಂದಿನ ಕಥೆಯೇ ನನ್ನ ಪ್ರಯೋಗಕ್ಕೆ ವರವಾಯಿತು. ಮೊದಲ ಆಲ್ಬಮ್ ಓಡಲಿಲ್ಲ. ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದಿದ್ದರು. ಆಗ ನಿರ್ಮಾಪಕ ಟಾಮ್ ವಿಲ್ಸನ್, ಈ ಇಬ್ಬರಿಗೂ ಹೇಳದೆ ಕೇಳದೆ, ಹಳೆಯ ರೆಕಾರ್ಡಿಂಗ್ ಮೇಲೆಯೇ ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ ಸೇರಿಸಿದರು. 1966ರ ಜನವರಿಯಲ್ಲಿ ಅದು ಅಮೆರಿಕದ ನಂಬರ್ 1 ಹಾಡಾಯಿತು. ಅಂದರೆ ಎರಡರಲ್ಲೂ ಇರುವುದು ಅದೇ ದನಿ, ಅದೇ ಉಸಿರು. ಬದಲಾಗಿದ್ದು ಮೇಲೆ ಹಚ್ಚಿದ ಬಣ್ಣ ಮಾತ್ರ. ಡ್ರಮ್ ಇದ್ದರೆ ಹೇಗೆ, ಇಲ್ಲದಿದ್ದರೆ ಹೇಗೆ ಅಂತ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಇದೇ ಜಾಸ್ತಿ ನೋವು ಕೊಡುತ್ತದೆ ಅಂದುಕೊಂಡಿದ್ದೆ. ನಾನು ಮೊದಲ ಸಲ ಅರ್ಧಕ್ಕೆ ನಿಲ್ಲಿಸಿದ್ದೂ ಇದನ್ನೇ. ಎರಡನೇ ಚರಣದಲ್ಲಿ ಡ್ರಮ್ ಶುರುವಾದಾಗ ಈ ಸಲವೂ ಮೈ ಜುಮ್ಮೆಂದಿತು. ಜೋರು ಸದ್ದು ಬಂದರೆ ಕಿವಿಯೊಳಗಿನ ಒಂದು ಪುಟ್ಟ ಸ್ನಾಯು ಬಿಗಿಯಾಗಿ ಸದ್ದನ್ನು ತಗ್ಗಿಸುತ್ತದೆ. ಆದರೆ ಅದಕ್ಕೆ ಸ್ವಲ್ಪ ಹೊತ್ತು ಬೇಕು. ಸೆಕೆಂಡಿನ ಸಣ್ಣ ತುಣುಕೇ ಇರಬಹುದು, ಅಷ್ಟರಲ್ಲಿ ಮೊದಲ ಪೆಟ್ಟು ಒಳಗೆ ಬಂದಾಗಿರುತ್ತದೆ. ಈ ಸಲ ಹಲ್ಲು ಕಚ್ಚಿ ಕೂತೆ. ನಾಲ್ಕೈದು ಪೆಟ್ಟು ಆದ ಮೇಲೆ ಮುಂದಿನದು ಯಾವಾಗ ಅಂತ ಗೊತ್ತಾಯಿತು. ಭುಜ ತಾನಾಗಿಯೇ ಸಡಿಲವಾಯಿತು. ಮೇಲಾಗಿ, ಗಿಟಾರ್ ಮತ್ತು ಡ್ರಮ್ ನಡುವೆ ಆ ‘ಸ’ಕಾರಗಳು ಎಷ್ಟೋ ಮರೆಯಾಗಿಬಿಟ್ಟವು. ಹೆಡ್‌ಫೋನ್‌ನಲ್ಲಿ, ನಂಬಿದರೆ ನಂಬಿ, ಸಪ್ಪಳ ಜಾಸ್ತಿ ಇರುವ ಈ ರೂಪವೇ ನನಗೆ ಹಿತವಾಗಿತ್ತು. ಒಂದು ತಕರಾರು ಇದೆ. ಹಾಡಿದವರು ಡ್ರಮ್ ಕೇಳಿಸಿಕೊಂಡು ಹಾಡಿದ್ದಲ್ಲವಲ್ಲ, ಹಾಗಾಗಿ ಅಲ್ಲಲ್ಲಿ ನಡೆ ಸ್ವಲ್ಪ ತಡವರಿಸಿದ ಹಾಗೆ ಅನಿಸುತ್ತದೆ. ಬೇರೆಯವರಿಗೆ ಅದು ಕೇಳಿಸುತ್ತದೋ ಇಲ್ಲವೋ, ನನಗೆ ಕೇಳಿಸುತ್ತದೆ.

ಮೂರನೆಯದು, 1981ರ ಸೆಪ್ಟೆಂಬರ್ 19ರಂದು ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಇದೇ ಜೋಡಿ ಹಾಡಿದ್ದು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 5 ಲಕ್ಷ ಜನ ಸೇರಿದ್ದರು ಅನ್ನುತ್ತಾರೆ. ಹತ್ತು ಸಾವಿರ ಜನರ ಪ್ರಸ್ತಾಪ ಬರುವ ಸಾಲಿಗೆ ಆ ಜನಸಾಗರ ಹೋ ಅನ್ನುತ್ತದೆ. ಅಲ್ಲಿದ್ದವರಿಗೆ ಅದು ರೋಮಾಂಚನ. ನನ್ನ ಮಟ್ಟಿಗೆ ಚಪ್ಪಾಳೆ, ಕೇಕೆ ಎಲ್ಲಕ್ಕಿಂತ ಕೆಟ್ಟವು. ಯಾವಾಗ ಶುರು, ಯಾವಾಗ ಮುಗಿಯಿತು ಅಂತ ಹೇಳಲು ಬರುವುದಿಲ್ಲ. ಹೆಡ್‌ಫೋನ್‌ನಲ್ಲಿ ಕೇಳುವ ಗೋಜಿಗೇ ಹೋಗಲಿಲ್ಲ.

ಕೊನೆಗೆ 2015ರದ್ದು. ಡಿಸ್ಟರ್ಬ್ಡ್ ಅನ್ನುವ ಹೆವಿ ಮೆಟಲ್ ತಂಡ ಹಾಡಿದ್ದು. ಹೆಸರು ನೋಡಿಯೇ ಕೈ ವಾಲ್ಯೂಮ್ ಕಡೆ ಹೋಯಿತು. ಆದರೆ ಶುರುವಾಗುವುದು ಮೆತ್ತಗಿನ ಪಿಯಾನೊ, ತೀರಾ ತಗ್ಗಿನ ದನಿಯಿಂದ. ನಾಲ್ಕರಲ್ಲಿ ಅತಿ ಹಿತವಾದ ಶುರು ಇದೇ, ಅನುಮಾನವಿಲ್ಲ. ಆಮೇಲೆ ವಾದ್ಯಗಳು ಒಂದೊಂದಾಗಿ ಸೇರಿ, ದನಿ ಏರಿ ಏರಿ, ಕೊನೆಗೆ ಗಂಟಲು ಹರಿಯುವ ಕೂಗಾಗುತ್ತದೆ. ಏಕಾಏಕಿ ಏರುವುದಿಲ್ಲ, ಅದನ್ನು ಒಪ್ಪುತ್ತೇನೆ. ಕಷ್ಟ ಇರುವುದು ಬೇರೆ ಕಡೆ. ಶುರುವಿಗೆ ತಕ್ಕ ಹಾಗೆ ವಾಲ್ಯೂಮ್ ಇಟ್ಟರೆ ಕೊನೆ ತಡೆಯಲಾಗುವುದಿಲ್ಲ, ಕೊನೆಗೆ ತಕ್ಕ ಹಾಗೆ ಇಟ್ಟರೆ ಶುರು ಕೇಳಿಸುವುದೇ ಇಲ್ಲ. ಆಪ್‌ನಲ್ಲಿ ಎಲ್ಲ ಹಾಡಿನ ಸದ್ದನ್ನೂ ಒಂದೇ ಮಟ್ಟಕ್ಕೆ ತರುವ ಸೆಟ್ಟಿಂಗ್ ಇರುತ್ತದಲ್ಲ, ಅದೂ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಅದು ಸರಾಸರಿ ನೋಡುತ್ತದೆ, ಒಂದೇ ಹಾಡಿನೊಳಗಿನ ಏರಿಳಿತ ಹಾಗೇ ಉಳಿಯುತ್ತದೆ. ಥಟ್ಟನೆ ಬರುವ ಸದ್ದಷ್ಟೇ ಆಗದವರು ಇದನ್ನೇ ಮೆಚ್ಚಿದರೂ ಆಶ್ಚರ್ಯವಿಲ್ಲ. ನಾನು ಸುಮಾರು ಅರ್ಧದವರೆಗೆ ಕೇಳಿ ನಿಲ್ಲಿಸುತ್ತೇನೆ.

ಇಯರ್‌ಪ್ಲಗ್ ಹಾಕಿಕೊಂಡು ಕೇಳಬಹುದಲ್ವಾ ಅಂತ ನೀವು ಕೇಳಬಹುದು. ಮೊದಲು ಅದನ್ನೇ ಮಾಡುತ್ತಿದ್ದೆ. ಹೊತ್ತುಹೊತ್ತಿಗೂ ಕಿವಿ ಮುಚ್ಚಿಟ್ಟರೆ ಅದು ಇನ್ನಷ್ಟು ಸೂಕ್ಷ್ಮವಾಗುತ್ತದೆ ಅಂತ ಕಿವಿ ತಜ್ಞರು ಹೇಳಿದ ಮೇಲೆ ಕಡಿಮೆ ಮಾಡಿದೆ.

ಈಗ ಮಲಗುವ ಮುಂಚೆ 1964ರದ್ದು, ಸ್ಪೀಕರ್ ಕೋಣೆಯ ಆಚೆ ಮೂಲೆಯಲ್ಲಿ. ಹಗಲಲ್ಲಿ ಹೆಡ್‌ಫೋನ್ ಹಾಕಿಕೊಂಡು 1965ರದ್ದು. ಮೊದಲ ಚರಣದಿಂದಲೇ ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಹೋಗುತ್ತೇನೆ. ಡ್ರಮ್ ಬೀಳುವ ಜಾಗ ಕಿವಿಗಿಂತ ಮುಂಚೆ ಬೆರಳಿಗೆ ಗೊತ್ತಾಗುತ್ತದೆ.