ಹಳೆಯ ಲೈಟ್ಸ್ ಮೈಕ್ರೋಸ್ಕೋಪ್: ನೋಟ ಇನ್ನೂ ಚೊಕ್ಕ

ಲೈಟ್ಸ್ (Leitz) ಕಂಪನಿಯ ಈ ಮೈಕ್ರೋಸ್ಕೋಪ್ ಬದಿಯಡ್ಕದ ನಿವೃತ್ತ ಮಾಸ್ತರರೊಬ್ಬರಿಂದ ಕೊಂಡದ್ದು. ಕಪ್ಪು ಮೈ, ಹಿತ್ತಾಳೆ ಕವಚದ ಲೆನ್ಸ್, ಕೆಳಗೆ ಕನ್ನಡಿ. ಬಲ್ಬ್ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೂ ಕಿಟಕಿಯ ಬೆಳಕಲ್ಲೇ ಕೆಲಸ ಆಗುತ್ತದೆ, ಆದರೆ ಮೋಡ ಜಾಸ್ತಿಯಾದರೆ ಒಂದು ಹನಿ ಎಣ್ಣೆ ಹಾಕಿ ನೋಡುವ, 100 ಪಟ್ಟು ಹಿಗ್ಗಿಸುವ ಲೆನ್ಸಿಗೆ ಅದು ಸಾಲದು.

ಕೊಳೆರೋಗ ಬಂದ ಅಡಿಕೆಯ ಮೇಲಿನ ಬಿಳಿ ಬೂಷ್ಟನ್ನು ಒಂದು ಹನಿ ನೀರಲ್ಲಿಟ್ಟು ನೋಡಿದೆ. ಈ ರೋಗ ತರುವ, ಶಿಲೀಂಧ್ರದಂಥ ಜೀವಿ ಫೈಟೋಫ್ತೊರಾದ ಬೀಜಕ ಚೀಲಗಳು ಅಂಚು ಸಮೇತ ಸ್ಪಷ್ಟವಾಗಿ ಕಂಡವು. ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಯಾವುದರ ಮೇಲೆ ಹೊಡೆಯುತ್ತೇವೆ ಅಂತ ಕಣ್ಣಾರೆ ಕಂಡ ಖುಷಿಯೇ ಬೇರೆ!

ಕಂಪನಿಯ ಕಥೆಯೂ ದೊಡ್ಡದು. 1849ರಲ್ಲಿ ಜರ್ಮನಿಯ ವೆಟ್ಸ್‌ಲರ್‌ನಲ್ಲಿ ಕಾರ್ಲ್ ಕೆಲ್ನರ್ ಶುರು ಮಾಡಿದ ಕಾರ್ಖಾನೆ ಇದು. 1869ರಲ್ಲಿ ಎರ್ನ್ಸ್ಟ್ ಲೈಟ್ಸ್ ಕೈಗೆ ಬಂತು. 1925ರಲ್ಲಿ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ತಂದದ್ದೂ ಇದೇ ಕಂಪನಿ. ಲೈಟ್ಸ್ ಅವರ ಮಗ, ಎರಡನೇ ಎರ್ನ್ಸ್ಟ್, ನಾಜಿಗಳ ಕಾಲದಲ್ಲಿ ಯೆಹೂದಿ ನೌಕರರನ್ನು ಕೆಲಸದ ನೆಪದಲ್ಲಿ ಹೊರದೇಶಕ್ಕೆ ಕಳಿಸಿ ಕಾಪಾಡಿದರು. ನನಗೆ ಲೆನ್ಸಿಗಿಂತ ಇದೇ ಹೆಚ್ಚು.

ಕೊಳ್ಳುವವರಿಗೆ ಒಂದು ಮಾತು. ಹಳೆಯ ಲೈಟ್ಸ್ ಲೆನ್ಸುಗಳು 170 ಮಿ.ಮೀ. ಉದ್ದದ ಕೊಳವೆಗೆ (ಕೆಳಗಿನ ಲೆನ್ಸಿಗೂ ಕಣ್ಣಿಡುವ ಲೆನ್ಸಿಗೂ ನಡುವಿನದ್ದು) ಮಾಡಿದವು. ಬೇರೆ ಕಂಪನಿಗಳದ್ದು ಸಾಮಾನ್ಯವಾಗಿ 160. ಒಂದರ ಲೆನ್ಸ್ ಇನ್ನೊಂದಕ್ಕೆ ಸ್ಕ್ರೂ ಕೂತರೂ ಹೆಚ್ಚು ಶಕ್ತಿಯ ಲೆನ್ಸಿನಲ್ಲಿ ಚಿತ್ರ ಮಂಕಾಗಬಹುದು, ಸುಮ್ನೆ ಬದಲಾಯಿಸಬೇಡಿ. ವರ್ಷಗಳು ಕಳೆದಂತೆ ಗ್ರೀಸ್ ಗಟ್ಟಿಯಾಗುತ್ತದೆ, ಹಾಗಾಗಿ ಫೋಕಸ್ ತಿರುಗಿಸಿ ನೋಡಿಯೇ ಹಣ ಕೊಡಿ. ನಮ್ಮ ಕರಾವಳಿಯ ತೇವಕ್ಕೆ ಲೆನ್ಸಲ್ಲಿ ಬೂಷ್ಟು ಹಿಡಿಯುತ್ತದೆ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ.